ಕರೆಂಟ್ ಹೋದರೂ ಬಚ್ಚಲಲ್ಲಿ ಬಿಸಿನೀರು: ಮನೆಗೆ ಹೀಟರ್ ಆರಿಸುವ ಬಗೆ

ಮೂರು ವರ್ಷದ ಹಿಂದೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಮನೆಗೆ ಒಂದು ಇನ್‌ಸ್ಟಂಟ್ ಗೀಸರ್ ತಂದು ಹಾಕಿಸಿದೆ. 3 ಲೀಟರಿನ ಪುಟ್ಟ ಗೀಸರ್. ನಲ್ಲಿ ತಿರುಗಿಸಿದರೆ ಬಿಸಿನೀರು. ಅಮ್ಮನಿಗೆ ಇನ್ನು ಹೊಗೆ ಕುಡಿಯೋದು ತಪ್ಪಿತು ಅಂತ ನನಗೆ ಖುಷಿ. ಅಷ್ಟರಲ್ಲಿ ಜುಲೈ ಬಂತು. ಗಾಳಿಗೆ ಮರ ಬಿದ್ದು ಲೈನ್ ಹರಿಯಿತು. ನಾಲ್ಕು ದಿನ ಕರೆಂಟ್ ಇಲ್ಲ. ಐದನೇ ದಿನ ಫೋನ್ ಸಿಕ್ಕಾಗ ಅಮ್ಮ ಹೇಳಿದ್ದು ಇಷ್ಟೇ: "ನಿನ್ನ ಗೀಸರ್ ಗೋಡೆ ಮೇಲೆ ಚೆಂದ ಕಾಣ್ತದೆ ಮಾರಾಯ. ನಾನು ಹಂಡೆಗೆ ಬೆಂಕಿ ಹಾಕ್ಕೊಂಡೆ."

1035 ಮೆಗಾವ್ಯಾಟ್ ತಾಕತ್ತಿನ ಶರಾವತಿ ಪವರ್‌ಹೌಸ್ ಇರುವ ಸೀಮೆ ಇದು. ಇಲ್ಲೇ ಮಳೆಗಾಲದಲ್ಲಿ ಚಿಮಣಿ ಬುಡ್ಡಿ ಹುಡುಕಬೇಕು. ಅದರ ಬಗ್ಗೆ ಬೈಯಲು ಕೂತರೆ ಮುಗಿಯುವುದಿಲ್ಲ, ಬಿಡಿ.

ಅಂಗಡಿಗೆ ಹೋದರೆ ಎಷ್ಟು ಲೀಟರ್, ಎಷ್ಟು ಸ್ಟಾರ್, ಯಾವ ಬಣ್ಣ ಅಂತ ಕೇಳುತ್ತಾರೆ. ನಿಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆಮೇಲೆ ಅಮ್ಮನ ಮನೆ, ಬೆಂಗಳೂರಿನ ತಂಗಿ ಮನೆ, ಹಿರಿಯೂರು ಕಡೆಯ ಚಿಕ್ಕಪ್ಪನ ಮನೆ, ಮೂರಕ್ಕೂ ಹೀಟರ್ ಆರಿಸುವಾಗ ನಾನು ಮಾಡಿದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ.

ಹೆಜ್ಜೆ 1: ಹದಿನೈದು ದಿನ ಕ್ಯಾಲೆಂಡರ್ ಮೇಲೆ ಬರೆದಿಡಿ

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಅದರ ಪಕ್ಕದಲ್ಲೇ ಕರೆಂಟ್ ಎಷ್ಟಕ್ಕೆ ಹೋಯ್ತು, ಎಷ್ಟಕ್ಕೆ ಬಂತು ಅಂತ ಬರೆಯಿರಿ. ನೀವು ಸ್ನಾನ ಮಾಡುವ ಹೊತ್ತನ್ನೂ ಬರೆಯಿರಿ. ಹದಿನೈದು ದಿನ ಆಗುವಷ್ಟರಲ್ಲಿ ನಿಮ್ಮದು ಯಾವ ಜಾತಿಯ ಪವರ್ ಕಟ್ ಅಂತ ಗೊತ್ತಾಗುತ್ತದೆ.

ಪೇಪರಿನಲ್ಲಿ ಮೊದಲೇ ಹಾಕಿ, ಬೆಳಗ್ಗೆ 10ರಿಂದ ಸಂಜೆ 4ರ ತನಕ ತೆಗೆಯುವುದು ಒಂದು ಬಗೆ. ಇದರಿಂದ ಸ್ನಾನಕ್ಕೆ ಅಷ್ಟೇನೂ ತೊಂದರೆ ಇಲ್ಲ. ಹೇಳದೆ ಕೇಳದೆ ಅರ್ಧ ಗಂಟೆ, ಒಂದು ಗಂಟೆ ಹೋಗುವುದು ಇನ್ನೊಂದು. ಮಲೆನಾಡು, ಕೊಡಗು, ಕರಾವಳಿಯಲ್ಲಿ ಮಳೆಗಾಲಕ್ಕೆ ದಿನಗಟ್ಟಲೆ ಹೋಗುವುದು ಮತ್ತೊಂದು.

ಇವೆಲ್ಲಕ್ಕಿಂತ ಕಳ್ಳತನದ್ದು ಲೋ ವೋಲ್ಟೇಜ್. ಬಲ್ಬ್ ಉರಿಯುತ್ತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಗೀಸರ್ ಮಾತ್ರ ಎಷ್ಟು ಹೊತ್ತಾದರೂ ಬಿಸಿಯಾಗುವುದಿಲ್ಲ. ಗೀಸರಿನ ಕಾಯಿಲ್ ಕೊಡುವ ಬಿಸಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಅಂಕಿಗೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ, 2 ಕಿಲೋವ್ಯಾಟಿನ ಗೀಸರ್ ಕೆಲಸ ಮಾಡುವುದು 1.2 ಕಿಲೋವ್ಯಾಟಿನಷ್ಟು ಮಾತ್ರ. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ದೂರ ಇರುವ, ಲೈನಿನ ಕೊನೆಯ ಮನೆಗಳಿಗೆ ಇದು ದಿನದ ಗೋಳು. ಫ್ರಿಜ್ಜಿನ ಸ್ಟೆಬಿಲೈಜರಿನಲ್ಲಿ ಅಂಕಿ ತೋರಿಸುತ್ತಿದ್ದರೆ ಬೆಳಗ್ಗೆ 6 ಗಂಟೆಗೂ ಸಂಜೆ 7 ಗಂಟೆಗೂ ನೋಡಿ ಬರೆದುಕೊಳ್ಳಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಂದಾಗ ಮೀಟರ್ ಹಿಡಿದು ನೋಡಲು ಹೇಳಿ.

ಹೆಜ್ಜೆ 2: ಕರೆಂಟ್ ಇಲ್ಲದಾಗ ತಣ್ಣೀರಾದರೂ ಬರುತ್ತದಾ?

ಇದನ್ನು ಯೋಚಿಸದೆ ಹೀಟರ್ ತಂದವರೇ ಜಾಸ್ತಿ. ಗೀಸರ್ ಇರಲಿ, ಸೋಲಾರ್ ಇರಲಿ, ಒಳಗಿನ ಬಿಸಿನೀರು ತಾನಾಗಿ ಹೊರಗೆ ಬರುವುದಿಲ್ಲ. ಕೆಳಗಿನಿಂದ ತಣ್ಣೀರು ನುಗ್ಗಿ ಅದನ್ನು ಮೇಲಿಂದ ಹೊರಗೆ ತಳ್ಳಬೇಕು. ತಣ್ಣೀರು ನಿಂತರೆ ತುಂಬಿದ ಟ್ಯಾಂಕಿದ್ದೂ ನಲ್ಲಿ ಒಣಗಿರುತ್ತದೆ.

ಹಾಗಾಗಿ ಒಂದು ದಿನ ಮೇನ್ ಸ್ವಿಚ್ ಆಫ್ ಮಾಡಿ ಬಚ್ಚಲ ನಲ್ಲಿ ತಿರುಗಿಸಿ. ಛಾವಣಿ ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿದು ಬರುತ್ತಿದ್ದರೆ ಸರಿ. ಶವರ್ ಜೋರಾಗಿ ಬರಲಿ ಅಂತ ಪ್ರೆಶರ್ ಪಂಪ್ ಹಾಕಿಸಿದ್ದರೆ ಕರೆಂಟಿನ ಜೊತೆ ನೀರೂ ಕೂತುಬಿಡಬಹುದು. ಪ್ಲಂಬರಿಗೆ ಹೇಳಿ ಪಂಪಿಗೆ ಒಂದು ಬೈಪಾಸ್ ಲೈನ್ ಮಾಡಿಸಿ, ನೀರು ಪಂಪನ್ನು ಬಿಟ್ಟು ನೇರ ಇಳಿಯುವ ಹಾಗೆ.

ಟ್ಯಾಂಕ್ ತುಂಬಿಸುವ ಮೋಟಾರಿಗೂ ಕರೆಂಟ್ ಬೇಕಲ್ವಾ? ಎರಡು ದಿನ ಕರೆಂಟ್ ಹೋಗುವ ಊರಲ್ಲಿ 500 ಲೀಟರಿನ ಟ್ಯಾಂಕ್ ಇಟ್ಟುಕೊಂಡು ಯಾವ ಹೀಟರ್ ತಂದರೂ ಸುಖವಿಲ್ಲ. ಮೊದಲ ದುಡ್ಡು ದೊಡ್ಡ ಟ್ಯಾಂಕಿಗೆ ಹಾಕಿ. ಅಮ್ಮನ ಮನೆ ಈ ವಿಷಯದಲ್ಲಿ ಪುಣ್ಯವಂತರದು. ಗುಡ್ಡದ ಒರತೆಯಿಂದ ಪೈಪ್ ಎಳೆದ ಅಬ್ಬಿ ನೀರಿದೆ. ಕರೆಂಟ್ ಇರಲಿ ಬಿಡಲಿ, ಹಗಲೂ ರಾತ್ರಿ ಸುರಿಯುತ್ತದೆ.

ಹೆಜ್ಜೆ 3: ಬಕೆಟ್ ಲೆಕ್ಕ

ಲೀಟರ್ ಲೆಕ್ಕಕ್ಕಿಂತ ಬಕೆಟ್ ಲೆಕ್ಕ ಸುಲಭ. ಒಬ್ಬರ ಸ್ನಾನಕ್ಕೆ ಬೆರೆಸಿದ ನೀರು ಒಂದು ದೊಡ್ಡ ಬಕೆಟ್, ಅಂದರೆ 18ರಿಂದ 20 ಲೀಟರ್. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಒಂದೂವರೆ.

ತಣ್ಣೀರು 21 ಡಿಗ್ರಿ, ಗೀಸರ್ ಒಳಗಿನದು 60 ಡಿಗ್ರಿ, ಮೈಗೆ ಹಿತವಾಗುವುದು 40 ಡಿಗ್ರಿ ಅಂತ ಇಟ್ಟುಕೊಳ್ಳಿ. 25 ಲೀಟರಿನ ಗೀಸರಿನಿಂದ ಬೆರೆಸಿದ ನೀರು ಲೆಕ್ಕಕ್ಕೆ 50 ಲೀಟರ್ ಬರಬೇಕು. ಆದರೆ ಬಿಸಿನೀರು ಹೊರಬರುವಾಗಲೇ ತಣ್ಣೀರು ಒಳಗೆ ಸೇರಿ ಬೆರೆಯುತ್ತದೆ. ಹಾಗಾಗಿ 40 ಲೀಟರ್ ಸಿಕ್ಕರೆ ಅಷ್ಟೇ ಸಾಕು ಅನ್ನಿ. ಅಂದರೆ ಎರಡು ಜನ. 15 ಲೀಟರಿನದು ಕರೆಂಟ್ ಹೋದ ಮೇಲೆ ಒಬ್ಬರಿಗೆ ಧಾರಾಳ, ಇಬ್ಬರಿಗೆ ಕಿತ್ತಾಟ.

ಇನ್ನು ಹೊತ್ತಿನ ಲೆಕ್ಕ. 25 ಲೀಟರನ್ನು 21ರಿಂದ 60 ಡಿಗ್ರಿಗೆ ಏರಿಸಲು ಸುಮಾರು 1.1 ಯೂನಿಟ್ ಬೇಕು. 2 ಕಿಲೋವ್ಯಾಟ್ ಕಾಯಿಲಿಗೆ ಅದು 35 ನಿಮಿಷದ ಕೆಲಸ. ಅದೇ 180 ವೋಲ್ಟಿನಲ್ಲಿ 55 ನಿಮಿಷ ದಾಟುತ್ತದೆ. 15 ಲೀಟರಿಗೆ ಸರಿ ವೋಲ್ಟೇಜಿನಲ್ಲಿ 20 ನಿಮಿಷ. ನೀವು ಬರೆದಿಟ್ಟ ಕ್ಯಾಲೆಂಡರಿನಲ್ಲಿ, ಸ್ನಾನಕ್ಕೆ ಮೊದಲು ಇಷ್ಟು ಹೊತ್ತು ಗ್ಯಾರಂಟಿ ಕರೆಂಟ್ ಇರುತ್ತದಾ ನೋಡಿ. ಇದ್ದರೆ ನಿಮ್ಮ ಸಮಸ್ಯೆ ಅರ್ಧ ಮುಗಿಯಿತು.

ಹೆಜ್ಜೆ 4: ಒಂದೊಂದನ್ನೇ ಕರೆಂಟ್ ತೆಗೆದು ನೋಡಿ

ಇನ್‌ಸ್ಟಂಟ್ ಗೀಸರ್: 3 ಕಿಲೋವ್ಯಾಟ್ ಎಳೆಯುತ್ತದೆ, ಒಳಗೆ ಕೂಡಿಡುವುದು 1ರಿಂದ 3 ಲೀಟರ್. ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದಾಗ ಕರೆಂಟ್ ಹೋದರೆ ಎರಡು ಚೊಂಬು ಬಿಸಿ, ಮೂರನೆಯದು ಮಂಜುಗಡ್ಡೆ. ಪವರ್ ಕಟ್ ಇರುವ ಊರಿನ ಬಚ್ಚಲಿಗೆ ಇದು ಬೇಡ. ನಮ್ಮದನ್ನು ಈಗ ಅಡುಗೆಮನೆಯ ಸಿಂಕಿಗೆ ಹಾಕಿದ್ದೇವೆ, ಪಾತ್ರೆ ತೊಳೆಯಲು ಚೆನ್ನಾಗಿದೆ.

ಬಕೆಟಿಗೆ ಇಳಿಬಿಡುವ ರಾಡ್: ಅಗ್ಗ. ಆದರೆ ಪವರ್ ಕಟ್ ಮತ್ತು ರಾಡ್ ಸೇರಿದರೆ ಅಪಾಯ. ಬಾಡಿಗೆ ರೂಮಿನಲ್ಲಿದ್ದಾಗ ಒಂದು ದಿನ ರಾಡ್ ಹಾಕಿದ್ದೆ, ಕರೆಂಟ್ ಹೋಯಿತು. ಬೆಚ್ಚಗಾದಷ್ಟು ನೀರನ್ನೇ ತೋಡಿ ಮಿಂದು, ರಾಡನ್ನು ಬಕೆಟಿನಲ್ಲೇ ಬಿಟ್ಟು ಆಫೀಸಿಗೆ ಹೋದೆ. ಸ್ವಿಚ್ ಆನ್ ಇತ್ತು ಅನ್ನುವುದೇ ಮರೆತಿತ್ತು. ಸಂಜೆ ಬಂದರೆ ರೂಮ್ ತುಂಬ ಸುಟ್ಟ ಪ್ಲಾಸ್ಟಿಕ್ ವಾಸನೆ. ನೀಲಿ ಬಕೆಟ್ ಕರಗಿ ರೊಟ್ಟಿಯಾಗಿತ್ತು. ಪಕ್ಕದಲ್ಲೇ ಬಟ್ಟೆ ಬುಟ್ಟಿ ಇತ್ತು. ಅದಕ್ಕೆ ಬೆಂಕಿ ತಗುಲಲಿಲ್ಲ ಅನ್ನುವುದು ನನ್ನ ಅದೃಷ್ಟ. ರಾಡ್ ಬಳಸಲೇಬೇಕಾದರೆ, ಕರೆಂಟ್ ಹೋದ ಕೂಡಲೇ ಪ್ಲಗ್ ಕೀಳಿ. ಸ್ವಿಚ್ ಒತ್ತುವುದಲ್ಲ, ಪ್ಲಗ್ಗೇ ಕೀಳಿ.

ಸ್ಟೋರೇಜ್ ಗೀಸರ್: ದಿನಕ್ಕೆ ಒಂದೆರಡು ಗಂಟೆ ಕರೆಂಟ್ ಹೋಗುವವರಿಗೆ ಇದೇ ಸರಿ. ಇದನ್ನು ಹೀಟರ್ ಅಂದುಕೊಳ್ಳುವುದಕ್ಕಿಂತ ಗೋಡೆಗೆ ನೇತುಹಾಕಿದ ದೊಡ್ಡ ಫ್ಲಾಸ್ಕ್ ಅಂದುಕೊಳ್ಳಿ. ಸ್ಟಾರ್ ಲೇಬಲ್ ಬಿಲ್ ಉಳಿಸಲಿಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಅದರ ಉಪಯೋಗ ಬೇರೆಯೇ. ಆ ಲೇಬಲ್ಲಿನಲ್ಲಿ ಸ್ಟ್ಯಾಂಡಿಂಗ್ ಲಾಸ್ ಅಂತ ಒಂದು ಅಂಕಿ ಇರುತ್ತದೆ, ಸುಮ್ನೆ ಇಟ್ಟರೆ ದಿನಕ್ಕೆ ಎಷ್ಟು ಯೂನಿಟ್ ಬಿಸಿ ಸೋರಿಹೋಗುತ್ತದೆ ಅಂತ. ಅಂಕಿ ಚಿಕ್ಕದಾದಷ್ಟೂ ಫ್ಲಾಸ್ಕ್ ಒಳ್ಳೆಯದು. ಅದು ಅರ್ಧ ಯೂನಿಟ್ ಇದ್ದರೆ, 25 ಲೀಟರಿನ ಗೀಸರಿನಲ್ಲಿ ಐದು ಗಂಟೆಯಲ್ಲಿ ಇಳಿಯುವುದು ಮೂರ್ನಾಲ್ಕು ಡಿಗ್ರಿ ಅಷ್ಟೇ. ರಾತ್ರಿ ಮಲಗುವ ಮೊದಲು ಕಾಸಿಟ್ಟರೆ ಬೆಳಗ್ಗೆ ಕರೆಂಟ್ ಇಲ್ಲದಿದ್ದರೂ ಮೀಯಬಹುದು.

ಅದಕ್ಕೇ ಕರೆಂಟ್ ಕೈಕೊಡುವ ಕಡೆ ಒಂದು ಸೈಜ್ ದೊಡ್ಡದನ್ನೇ ತಗೊಳ್ಳಿ. 15 ಸಾಕು ಅನಿಸಿದರೆ 25 ಹಾಕಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಕಾಯಿಲಿಗೆ ಬಿಳಿ ಗಾರೆ ಕಟ್ಟುತ್ತದೆ, ಬಿಸಿಯಾಗುವುದು ನಿಧಾನವಾಗುತ್ತದೆ. ಕರೆಂಟ್ ಇರುವುದೇ ನಲವತ್ತು ನಿಮಿಷ ಅಂದಾಗ ಈ ನಿಧಾನ ತಡೆಯಲಾಗದು. ವರ್ಷಕ್ಕೊಮ್ಮೆ ಬಿಚ್ಚಿಸಿ ಗಾರೆ ತೆಗೆಸಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಡೆಯುವ ಒಳಗಿನ ಆನೋಡ್ ರಾಡ್ ಸವೆದಿದ್ದರೆ ಬದಲಿಸಿ.

ಯುಪಿಎಸ್‌ಗೆ ಗೀಸರ್ ಹಾಕಬಹುದಾ ಅಂತ ತಂಗಿ ಕೇಳಿದಳು. ಆಗುವುದಿಲ್ಲ. ಮನೆಗಳಲ್ಲಿ ಇರುವ 900 ವಿಎ ಯುಪಿಎಸ್ ಕೊಡುವುದು 700 ವ್ಯಾಟಿನ ಆಸುಪಾಸು, ಗೀಸರಿಗೆ ಬೇಕಾದ್ದು 2000. 150 ಎಎಚ್ ಬ್ಯಾಟರಿಯಲ್ಲಿ ತುಂಬಿದ್ದರೂ ಇರುವುದು 1.8 ಯೂನಿಟ್, 25 ಲೀಟರ್ ಒಮ್ಮೆ ಕಾಸಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಅಪಾರ್ಟ್‌ಮೆಂಟಿನ ಜನರೇಟರ್ ಲೈನಿನ ಕಥೆಯೂ ಇದೇ. ಸಾಮಾನ್ಯವಾಗಿ ಒಂದೊಂದು ಫ್ಲ್ಯಾಟಿಗೆ ಒಂದು ಮಿತಿ ಇಟ್ಟಿರುತ್ತಾರೆ, ಗೀಸರ್ ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ.

ಸೋಲಾರ್: ಛಾವಣಿ ಮೇಲೆ ನೀರು ಕಾಸುವ ಸೋಲಾರೇ ಬೇರೆ, ಕರೆಂಟ್ ಮಾಡುವ ಸೋಲಾರೇ ಬೇರೆ. ಪ್ಯಾನೆಲ್ ಹಾಕಿಸಿದ್ದೇನೆ, ಇನ್ನು ಪವರ್ ಕಟ್ ಚಿಂತೆ ಇಲ್ಲ ಅಂದುಕೊಂಡವರು ಬಹಳ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಪ್ಯಾನೆಲ್ಲುಗಳು, ಲೈನಿನಲ್ಲಿ ಕರೆಂಟ್ ಹೋದರೆ ತಾವೂ ನಿಲ್ಲುತ್ತವೆ. ಕಂಬ ಹತ್ತಿದ ಲೈನ್‌ಮ್ಯಾನಿಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ.

ನೀರು ಕಾಸುವ ಸೋಲಾರಿಗೆ ಕರೆಂಟೇ ಬೇಡ. ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಪಂಪ್ ಇಲ್ಲ. ಬಯಲುಸೀಮೆಯವರು ಕಣ್ಣು ಮುಚ್ಚಿ ಇದನ್ನೇ ಹಾಕಿಸಬಹುದು. ದಕ್ಷಿಣಕ್ಕೆ ಮುಖ, ನೆರಳು ಬೀಳಬಾರದು. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಅದಕ್ಕೆ ಏಳೆಂಟು ಅಡಿಯ ಸ್ಟ್ಯಾಂಡ್ ಬೇಕಾಗುತ್ತದೆ, ಮನೆ ಕಟ್ಟುವಾಗಲೇ ಮಾಡಿಸಿಕೊಳ್ಳಿ. ಗಡಸು ನೀರಿದ್ದರೆ ಗಾಜಿನ ಟ್ಯೂಬಿನದು ಒಳ್ಳೆಯದು. ತಾಮ್ರದ ಪ್ಲೇಟಿನದರಲ್ಲಿ ಸಣ್ಣ ಕೊಳವೆಗಳು ಗಾರೆ ಕಟ್ಟಿ ಮುಚ್ಚಿಹೋಗುತ್ತವೆ. ಮಂಗನ ಕಾಟ, ತೆಂಗಿನಕಾಯಿ ಬೀಳುವ ಕಾಟ ಇದ್ದಲ್ಲಿ ಗಾಜಿನ ಟ್ಯೂಬ್ ಬೇಡ. ಗಡಸು ನೀರೂ ಮಂಗನ ಕಾಟವೂ ಎರಡೂ ಇದ್ದರೆ? ಮಂಗ ಬರದ ಹಾಗೆ ಬಲೆ ಹಾಕಿಸಬೇಕು, ಬೇರೆ ದಾರಿ ಇಲ್ಲ.

ಛಾವಣಿಯಿಂದ ಕೆಳಗಿನ ಬಚ್ಚಲಿಗೆ 15 ಮೀಟರ್ ಮುಕ್ಕಾಲು ಇಂಚಿನ ಪೈಪ್ ಇದ್ದರೆ ಬೆಳಗ್ಗೆ ಮೊದಲು ಬರುವ ನಾಲ್ಕೈದು ಲೀಟರ್ ತಣ್ಣೀರೇ. ಅದನ್ನು ಬಕೆಟಿಗೆ ಹಿಡಿದು ಬಟ್ಟೆಗೋ ಗಿಡಕ್ಕೋ ಹಾಕಿ.

ಮಲೆನಾಡಿನವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕರೆಂಟ್ ಹೋಗುವ ದಿನವೇ ಬಿಸಿಲೂ ಇರುವುದಿಲ್ಲ. ಸೋಲಾರಿನ ಒಳಗೆ ಕೂರಿಸುವ ಬ್ಯಾಕಪ್ ಕಾಯಿಲಿಗೂ ಕರೆಂಟೇ ಬೇಕು. ಎರಡೂ ಒಟ್ಟಿಗೆ ರಜೆ ಹಾಕುತ್ತವೆ. ಉಳಿದ ಎಂಟು ತಿಂಗಳಿಗೆ ಬೇಕಾದರೆ ಹಾಕಿಸಿ, ಮಳೆಗಾಲಕ್ಕೆ ಅದನ್ನು ನಂಬಬೇಡಿ.

ಗ್ಯಾಸ್ ಗೀಸರ್: ಎರಡು ದೊಡ್ಡ ಟಾರ್ಚ್ ಸೆಲ್ ಹಾಕಿದರೆ ನಲ್ಲಿ ತಿರುಗಿಸಿದ ಕೂಡಲೇ ಕಿಡಿ ಹೊತ್ತಿಕೊಂಡು ನೀರು ಬಿಸಿಯಾಗುತ್ತದೆ. ಕರೆಂಟಿನ ಹಂಗಿಲ್ಲ. ಒಂದು ಬಕೆಟಿಗೆ 40ರಿಂದ 50 ಗ್ರಾಂ ಗ್ಯಾಸ್ ಸಾಕು. 14.2 ಕಿಲೋ ಸಿಲಿಂಡರಿನಲ್ಲಿ ಹತ್ತಿರ ಹತ್ತಿರ 300 ಬಕೆಟ್. ನಾಲ್ಕು ಜನರ ಮನೆಗೆ ಎರಡು ತಿಂಗಳ ಮೇಲೆ.

ಇಷ್ಟು ಒಳ್ಳೆಯ ಯಂತ್ರ ಜನರನ್ನು ಕೊಂದಿದ್ದೂ ಇದೆ. ಮುಚ್ಚಿದ ಬಚ್ಚಲಲ್ಲಿ ಉರಿದರೆ ಗಾಳಿಯ ಆಮ್ಲಜನಕ ಕಡಿಮೆಯಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಆಮೇಲೆ ಕಾಲಲ್ಲಿ ಶಕ್ತಿ ಇಲ್ಲ. ಚಿಲಕ ತೆಗೆಯಲು ಏಳಬೇಕು ಅಂತ ಗೊತ್ತಾಗುತ್ತದೆ, ಏಳಲು ಆಗುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅನ್ನಬೇಡಿ. ಕರೆಂಟ್ ಹೋದಾಗ ಬಳಸಲೆಂದೇ ತಂದದ್ದು ಇದು, ಆ ಹೊತ್ತಿಗೆ ಫ್ಯಾನೂ ನಿಂತಿರುತ್ತದೆ. ಈ ಒಂದು ಮಾತಿಗಾಗಿಯಾದರೂ ಗೀಸರನ್ನು ಬಚ್ಚಲ ಹೊರಗೆ ಹಾಕಿಸಿ. ಹೊರಗೋಡೆಗೆ, ಸೂರಿನ ಕೆಳಗೆ ಮಳೆ ಎರಚಲು ತಾಗದ ಜಾಗದಲ್ಲಿ. ಕಿಟಕಿ, ಗವಾಕ್ಷಿಯಿಂದ ದೂರ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಮಾತ್ರ. ಸಿಲಿಂಡರೂ ಹೊರಗೇ. ಫ್ಲ್ಯಾಟಿನಲ್ಲಿ ತೆರೆದ ಯುಟಿಲಿಟಿ ಬಾಲ್ಕನಿ ಇಲ್ಲದಿದ್ದರೆ ಇದರ ಯೋಚನೆಯನ್ನೇ ಬಿಡಿ. ಐಎಸ್‌ಐ ಗುರುತು ಇಲ್ಲದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ.

ಇದಕ್ಕೆ ನೀರಿನ ಒತ್ತಡವೂ ಬೇಕು. ಪುಸ್ತಿಕೆಯಲ್ಲಿ ಕನಿಷ್ಠ ಇಷ್ಟು ಬಾರ್ ಅಂತ ಬರೆದಿರುತ್ತಾರೆ. 0.1 ಬಾರ್ ಅಂದರೆ ಟ್ಯಾಂಕಿನ ಎತ್ತರ 1 ಮೀಟರ್. 0.3 ಅಂತಿದ್ದರೆ ಗೀಸರಿಗಿಂತ 3 ಮೀಟರ್ ಮೇಲೆ ಟ್ಯಾಂಕಿರಬೇಕು. ಬಚ್ಚಲ ತಾರಸಿ ಮೇಲೇ ಟ್ಯಾಂಕ್ ಇಟ್ಟ ಮನೆಗಳಲ್ಲಿ ಕಿಡಿ ಟಕಟಕ ಅನ್ನುತ್ತದೆ, ಹೊತ್ತುವುದಿಲ್ಲ.

ಹಂಡೆ: ಇದನ್ನು ಹಳೇ ಕಾಲದ್ದು ಅಂತ ಕಿತ್ತುಹಾಕಿಸಿದ ಮನೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತೋಟ ಇರುವವರ ಮನೆಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣ ಹೆಡೆ ಎಲ್ಲ ಇದ್ದೇ ಇರುತ್ತವೆ. ಸಂಜೆ ಬೆಂಕಿ ಹಾಕಿ, ಕೆಂಡಕ್ಕೆ ಬೂದಿ ಮುಚ್ಚಿ ಬಿಟ್ಟರೆ ಬೆಳಗಿನ ಜಾವಕ್ಕೂ ನೀರು ಬೆಚ್ಚಗಿರುತ್ತದೆ. ದೂರು ಇರುವುದು ಹೊಗೆಯದು. ಅದಕ್ಕೆ ಚಿಮಣಿ ಇರುವ ಸುಧಾರಿತ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆಯ ಹೆಸರು ಮಲೆನಾಡಿನಲ್ಲಿ ಈಗಲೂ ಹಲವರಿಗೆ ಗೊತ್ತು. ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ, ಬೆಂಕಿ ಹಂಡೆಯ ತಳಕ್ಕೆ ತಾಗಿ ಸುತ್ತುವಂಥ ಗೂಡು. ಸೌದೆ ಅರ್ಧ ಉಳಿಯುತ್ತದೆ ಅನ್ನುತ್ತಾಳೆ ಅಮ್ಮ. ಬೆಂಕಿ ಬಾಯಿ ಬಚ್ಚಲ ಹೊರಗಿದ್ದರೆ ಇನ್ನೂ ಒಳ್ಳೆಯದು. ಕೆಂಡದ ಗಾಳಿಯೂ ಗ್ಯಾಸ್ ಗೀಸರಿನದರಷ್ಟೇ ಕೆಟ್ಟದ್ದು.

ಹೆಜ್ಜೆ 5: ಒಂದು ಕರೆಂಟಿನದು, ಒಂದು ಕರೆಂಟ್ ಬೇಡದ್ದು

ಒಂದೇ ಹೀಟರಿನಿಂದ ವರ್ಷಪೂರ್ತಿ ನಡೆಸುವ ಆಸೆ ಬಿಟ್ಟರೆ ಆಯ್ಕೆ ಸುಲಭ.

ತಂಗಿಯದು ನಾಲ್ಕನೇ ಮಹಡಿಯ ಫ್ಲ್ಯಾಟ್. ಛಾವಣಿ ಅವಳದಲ್ಲ, ತೆರೆದ ಬಾಲ್ಕನಿ ಇಲ್ಲ. ಕರೆಂಟ್ ಹೋಗುವುದು ಒಮ್ಮೊಮ್ಮೆ, ಹೋದರೆ ಒಂದು ಗಂಟೆ. ಅವಳಿಗೆ 25 ಲೀಟರಿನ 5 ಸ್ಟಾರ್ ಸ್ಟೋರೇಜ್ ಗೀಸರ್. ಮೀರಿದರೆ ಗ್ಯಾಸ್ ಸ್ಟೌ ಮೇಲೆ ದೊಡ್ಡ ಪಾತ್ರೆ. ಮುಗಿಯಿತು.

ಚಿಕ್ಕಪ್ಪನ ಮನೆಯಲ್ಲಿ ಬಿಸಿಲಿಗೆ ಬರವಿಲ್ಲ, ಬೋರ್ ನೀರು ಉಪ್ಪು, ಬೆಳಗ್ಗೆ ವೋಲ್ಟೇಜ್ ಇಲ್ಲ. 200 ಲೀಟರಿನ ಗಾಜಿನ ಟ್ಯೂಬಿನ ಸೋಲಾರ್ ಹಾಕಿಸಿದ್ದಾರೆ. ಮೋಡ ಕವಿದ ನಾಲ್ಕು ದಿನಕ್ಕೆ ಹಿತ್ತಲ ಒಲೆ ಇದೆ.

ಅಮ್ಮನಿಗೆ ಎಪ್ಪತ್ತಾಯಿತು, ದಿನಾ ಬಗ್ಗಿ ಬೆಂಕಿ ಊದುವುದು ಕಷ್ಟ. ಬಚ್ಚಲ ಹೊರಗೋಡೆಗೆ ಗ್ಯಾಸ್ ಗೀಸರ್ ಹಾಕಿಸಿದೆ. ಅಬ್ಬಿ ನೀರಿನ ಒತ್ತಡ ಬೇಕಾದಷ್ಟಿದೆ. ಹಂಡೆಯನ್ನು ಮುಟ್ಟಲಿಲ್ಲ. ಮಳೆಗೆ ರಸ್ತೆ ಕಡಿದು ಸಿಲಿಂಡರ್ ಗಾಡಿ ಬಾರದ ವಾರಕ್ಕೆ ಅದು ಬೇಕು.

ಹೆಜ್ಜೆ 6: ಹಾಕಿಸುವಾಗ

ಕರೆಂಟಿನ ಗೀಸರಿಗೆ 16 ಆಂಪಿನ ಪ್ಲಗ್, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಬೋರ್ಡಿನಿಂದ ನೇರ ವೈರ್. 3 ಕಿಲೋವ್ಯಾಟಿನದಾದರೆ 4 ಚದರ ಮಿ.ಮೀ. ತಾಮ್ರದ ವೈರೇ ಇರಲಿ. ಅರ್ಥಿಂಗ್ ಸರಿ ಇದೆಯಾ ಪರೀಕ್ಷೆ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಹೋದ ಕರೆಂಟ್ ವಾಪಸ್ ಬರುವಾಗ ಒಮ್ಮೆಲೇ ಜಾಸ್ತಿ ಬಂದು ಬಡಿಯುವುದುಂಟು. ಅದಕ್ಕೇ ಕರೆಂಟ್ ಹೋದ ಕೂಡಲೇ ಗೀಸರ್ ಸ್ವಿಚ್ ಆಫ್ ಮಾಡುವುದು ಮನೆಯವರೆಲ್ಲರಿಗೂ ರೂಢಿಯಾಗಲಿ. ಸೇಫ್ಟಿ ವಾಲ್ವಿನಿಂದ ಒಂದೆರಡು ಹನಿ ತೊಟ್ಟಿಕ್ಕಿದರೆ ಪ್ಲಂಬರ್ ಅದನ್ನು ಮುಚ್ಚಿಬಿಡಲು ನೋಡುತ್ತಾನೆ. ಬಿಡಬೇಡಿ, ಒತ್ತಡ ಹೊರಹೋಗುವ ಬಾಯಿ ಅದು.

ಮೇ ಕೊನೆಯ ವಾರದಲ್ಲಿ ಅಮ್ಮನ ಮನೆಗೆ ಹೋದಾಗ ನಾನು ಮಾಡುವ ಕೆಲಸ ನಾಲ್ಕೇ. ಎರಡನೇ ಸಿಲಿಂಡರ್ ತುಂಬಿದೆಯಾ ಎತ್ತಿ ನೋಡುವುದು. ಗ್ಯಾಸ್ ಪೈಪಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡುವುದು. ಹಂಡೆ ಒಲೆಯ ಕೊಳವೆಗೆ ಕಟ್ಟಿದ ಮಸಿ ಉದುರಿಸಿ, ಒಣ ಮಟ್ಟೆಯನ್ನು ಕೊಟ್ಟಿಗೆ ಅಟ್ಟಕ್ಕೆ ಏರಿಸುವುದು. ಗೀಸರಿಗೆ ಹೊಸ ಸೆಲ್ ಹಾಕಿ, ಇನ್ನೊಂದು ಜೊತೆ ಡಬ್ಬಿಯಲ್ಲಿಡುವುದು. ಡಬ್ಬಿಯ ಸೆಲ್ಲನ್ನು ಅಮ್ಮ ಟಾರ್ಚಿಗೆ ಹಾಕಿಕೊಂಡುಬಿಡುತ್ತಾಳೆ. ಹೋದ ವರ್ಷದಿಂದ ಎರಡು ಜೊತೆ ಇಡುತ್ತಿದ್ದೇನೆ.